ಬೇಕೆಂದೇ ತೆಗೆದ ಪರೀಕ್ಷೆ

ಕ್ರೋಂಪೇಟೆಯ ಒಂದು ಕೋಣೆಯ ಮನೆಯಲ್ಲಿ ಒಬ್ಬನೇ ಕೂತು ಕಂಪ್ಯೂಟರ್ ಕೆಲಸ ಮಾಡುವವನು ನಾನು. ಬೆಳಿಗ್ಗೆ ಹಾಲಿನವನಿಗೆ ತಮಿಳಿನಲ್ಲಿ "ಪೋದುಂ", ಸಾಕು, ಅಂದರೆ ಆ ದಿನದ ಮಾತು ಮುಗಿಯಿತು. ಮೈಸೂರಿನಲ್ಲಿ ಬಾಯಿಬಡುಕ ಅಂತ ಬೈಸಿಕೊಂಡವನಿಗೆ ಈ ಗತಿ!

ಆಗ ಹಿಡಿದದ್ದು ಈ ಹುಚ್ಚು. ಮಾಹಿತಿಯನ್ನು ಟೇಬಲ್ ಎಂಬ ಕೋಷ್ಟಕಗಳಲ್ಲಿ ಜೋಡಿಸಿಡುವ, ಪುಕ್ಕಟೆ ಸಿಗುವ, ಯಾರು ಬೇಕಾದರೂ ತಿದ್ದಬಹುದಾದ ಒಂದು ಡೇಟಾಬೇಸ್‌ನಲ್ಲಿ ದೋಷವೊಂದಿತ್ತು. "ಈ ಹೆಸರಿನ ಟೇಬಲ್ ಇಲ್ಲದಿದ್ದರೆ ಮಾಡು, ಇದ್ದರೆ ಸುಮ್ಮನಿರು" ಎಂದು ಇಬ್ಬರು ಒಂದೇ ಕ್ಷಣದಲ್ಲಿ ಕೇಳಿದರೆ, ಒಬ್ಬನಿಗೆ ಮಾಡಿಕೊಟ್ಟು ಇನ್ನೊಬ್ಬನ ಮೇಲೆ ರೇಗಿಬೀಳುತ್ತಿತ್ತು. ದೂರು ಬರೆದಿದ್ದವನು ಯಾವುದೋ ಊರಿನ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವವನು. ಬೆಳಿಗ್ಗೆ ಎರಡು ಕೌಂಟರ್ ಒಟ್ಟಿಗೆ ತೆರೆದರೆ ಒಂದು ನಿಂತುಹೋಗುತ್ತದೆ, ರೋಗಿಗಳು ಕಾಯುತ್ತಾರೆ ಎಂದಿದ್ದ.

ನಾನು ತಿದ್ದಿದೆ. ತಿದ್ದಿದ್ದನ್ನು ಇನ್ನೊಬ್ಬರು ಸಾಲುಸಾಲಾಗಿ ನೋಡಿ ಒಪ್ಪಬೇಕು, ಅಲ್ಲಿನ ಪದ್ಧತಿ ಅದು. ನನ್ನದನ್ನು ನೋಡಿದವರು ದೂರದ ಚಳಿದೇಶದ ಒಬ್ಬ ಹಿರಿಯರು. ನನ್ನ ತಿದ್ದುಪಡಿಗೆಂದೇ ತೆರೆದ ಪುಟದಲ್ಲಿ ಪ್ರತಿ ಬೆಳಿಗ್ಗೆ ಅವರ ಟಿಪ್ಪಣಿ ಬಂದಿರುತ್ತಿತ್ತು. ಕೊನೆಯಲ್ಲಿ, "ಅಲ್ಲಿ ಇವತ್ತೂ ಸೆಖೆಯೇ?" ಎಂದೊಂದು ಸಾಲು. ಆ ಸಾಲಿಗಾಗಿ ಹಲ್ಲುಜ್ಜುವ ಮೊದಲೇ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ.

ಕೆಲಸ ಮುಗಿಯುತ್ತಾ ಬಂತು. ಅವರು ಒಪ್ಪಿದರೆ ಆ ಪುಟ ಮುಚ್ಚುತ್ತದೆ, ನಾಳೆಯಿಂದ ನನ್ನನ್ನು ಕೇಳುವವರು ಯಾರು? ದಿಗಿಲಾಯಿತು. ಮಾಡಬಾರದ್ದನ್ನು ಮಾಡಿದೆ. ಇಬ್ಬರು ಒಟ್ಟಿಗೆ ಟೇಬಲ್ ಕೇಳಿದರೂ ತೊಂದರೆಯಿಲ್ಲ ಎಂದು ತೋರಿಸುವ ಪುಟ್ಟ ಪರೀಕ್ಷೆಯನ್ನು, ಅದೂ ಒಂದು ಪ್ರೋಗ್ರಾಮೇ, ಮೊದಲ ದಿನವೇ ಬರೆದು ಸೇರಿಸಿದ್ದೆ. ಅದನ್ನು ತೆಗೆದುಹಾಕಿ ಕಳಿಸಿದೆ. ಪರೀಕ್ಷೆ ಎಲ್ಲಿ ಎಂದು ಕೇಳಲಿ, ಇನ್ನೊಂದು ವಾರ ಮಾತು ಸಾಗಲಿ ಅಂತ. ಎಂಥ ಕಳ್ಳಬುದ್ಧಿ ನೋಡಿ!

ಕೇಳಿದರು. "ಬರೆಯುತ್ತಿದ್ದೇನೆ" ಎಂದೆ. ನಡುವೆ ಆಸ್ಪತ್ರೆಯವನು, "ಇನ್ನೂ ಆಗಲಿಲ್ಲವೇ?" ಎಂದು ಬರೆದ. ಅದನ್ನು ಓದಿ ಲ್ಯಾಪ್‌ಟಾಪ್ ಮಡಚಿಟ್ಟೆ.

ನಾಲ್ಕನೆಯ ಬೆಳಿಗ್ಗೆ ಹಿರಿಯರು ಬರೆದಿದ್ದರು: "ಈ ಪರೀಕ್ಷೆ ನಿಮ್ಮ ಮೊದಲ ಪ್ರತಿಯಲ್ಲೇ ಇತ್ತಲ್ಲ. ತೆಗೆದದ್ದೇಕೆ?" ಅಲ್ಲಿ ಹಳೆಯ ಪ್ರತಿ ಯಾವುದೂ ಅಳಿಯುವುದಿಲ್ಲ, ಅದು ನನಗೆ ಗೊತ್ತಿಲ್ಲದ್ದೇ? ಸೆಖೆಯ ಸಾಲು ಈ ಸಲ ಇರಲಿಲ್ಲ. ನಾಚಿಕೆಯಿಂದ ಸತ್ತೇಹೋದೆ. ಪರೀಕ್ಷೆಯನ್ನು ವಾಪಸು ಹಾಕಿ, "ತಪ್ಪಾಯಿತು" ಎಂದಷ್ಟೇ ಬರೆದೆ. ಹತ್ತು ಗಂಟೆಗೆ ಒಪ್ಪಿಗೆ ಬಂತು, ಪುಟ ಮುಚ್ಚಿತು.

ಮರುದಿನ ಬೆಳಿಗ್ಗೆಯೂ ಲ್ಯಾಪ್‌ಟಾಪ್ ತೆರೆದೆ. ಏನೂ ಬಂದಿರಲಿಲ್ಲ. ಮನೆಯಲ್ಲಿ ಕೂರಲಾಗದೆ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿಗೆ ನಡೆದೆ. ಅಲ್ಲಿನವರು ತಮ್ಮೊಳಗೆ ಕನ್ನಡ ಆಡುವುದು ಕೇಳಿಸುತ್ತಿದ್ದರೂ, ಎರಡು ವರ್ಷದಿಂದ ಬಿಗುಮಾನದಲ್ಲಿ ತಮಿಳಿನಲ್ಲೇ ಇಡ್ಲಿ ಕೇಳುತ್ತಿದ್ದೆ. ಆವತ್ತು ಕನ್ನಡದಲ್ಲಿ ಕೇಳಿದೆ.

"ಅಯ್ಯೋ, ನೀವು ನಮ್ಮವರಾ? ಮೊದ್ಲೇ ಹೇಳುದಲ್ವಾ!" ಎಂದರು ಬಡಿಸುವವರು. "ಮತ್ತೆಂತ ಬೇಕು?"

"ಏನೂ ಬೇಡ. ಸ್ವಲ್ಪ ಹೊತ್ತು ಮಾತಾಡಿ, ಸಾಕು."

ಅವರು ನನ್ನ ಮುಖ ನೋಡಿದರು. "ಈಗ ರಶ್ ಉಂಟು ಮಾರಾಯ್ರೆ. ಮೂರು ಗಂಟೆಗೆ ಬನ್ನಿ."

ಎರಡೂವರೆಗೇ ಹೋಗಿ ಕೂತೆ.