ಖಾಲಿ ಲೋಟದ ಸದ್ದು

ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಲಿಂಗಸುಗೂರಿನಲ್ಲಿ ಮಕ್ಕಳ ಡಾಕ್ಟರ ಕೋಣೆ. ಹಾಜರಿದ್ದವರು: ಡಾಕ್ಟರು, ನನ್ನ ಸೊಸೆ, ನಾಲ್ಕು ವರ್ಷದ ಮೊಮ್ಮಗಳು, ನಾನು. ಬಾಲಕಿಯರ ಹಾಸ್ಟೆಲಿನಲ್ಲಿ ಮೂವತ್ತು ವರ್ಷ ಹಾಜರಿ ತೆಗೆದವಳು ನಾನು, ಅಭ್ಯಾಸ ಹೋಗಿಲ್ಲ.

ಆ ದಿನದ ಕೆಲಸಗಳನ್ನೂ ನಾನೇ ಜೋಡಿಸಿದ್ದೆ. ಮೊದಲು ಡಾಕ್ಟರು. ಸಿಂಧನೂರಿಗೆ ಮರಳುವಾಗ ಮಸ್ಕಿಯಲ್ಲಿ ಇಳಿದು, ಮಾತು ಬರಲೆಂದು ಮಗುವಿನ ಹೊಟ್ಟೆಗೆ ಬರೆ ಹಾಕಿಸುವುದು. ಒಂದೇ ಬಸ್ಸಿನ ದಾರಿ, ಎರಡೂ ಮುಗಿಯುತ್ತವೆ ಎಂದುಕೊಂಡಿದ್ದೆ.

ಡಾಕ್ಟರು ಆಟಿಸಂ ಎಂದರು. ಸೊಸೆ ತಲೆ ತಗ್ಗಿಸಿ ಕೇಳಿದಳು.

"ಇಕಿ ಹೊಟ್ಟ್ಯಾಗಿದ್ದಾಗ ಗ್ರಹಣದ ದಿನ ಬದನೆಕಾಯಿ ಹೆಚ್ಚಿದ್ದೆರೀ. ಅದಕ್ಕ ಹಿಂಗಾತೇನ್ರಿ?"

"ಬದನೆಕಾಯಿ ಪಾಪ ಏನ್ ಮಾಡೇತವ್ವಾ?" ಎಂದರು ಡಾಕ್ಟರು. "ಗ್ರಹಣದಿಂದಲ್ಲ, ಲಸಿಕೆಯಿಂದಲ್ಲ, ನಿನ್ನಿಂದಲೂ ಅಲ್ಲ. ಹೊಟ್ಟ್ಯಾಗಿದ್ದಾಗಿಂದ ಮೆದುಳು ಬೆಳೆಯೋ ರೀತಿನ ಬ್ಯಾರೆ ಇರತೈತಿ. ಬಹಳ ಸಲ ಅದು ವಂಶದಾಗ ಬರತೈತಿ, ಬ್ಯಾರೆ ಕಾರಣಾನೂ ಕೂಡ್ತಾವು. ಇದ ಒಂದು ಅಂತ ಬೆರಳು ಮಾಡಿ ತೋರಸಾಕ ಆಗಂಗಿಲ್ಲ. ನಿಮ್ಮ ಮನೆತನದಾಗ ಇಂಥವರು ಯಾರರ ಇದ್ರೇನು?"

"ಇಲ್ಲ," ಎಂದೆ. ನಾಲಿಗೆ ತಾನಾಗಿಯೇ ಹೇಳಿತು.

ಅಷ್ಟರಲ್ಲಿ ಮೊಮ್ಮಗಳು ಮೇಜಿನ ಮೇಲಿನ ಖಾಲಿ ಲೋಟ ತೆಗೆದು ಬಲಗಿವಿಗೆ ಹಿಡಿದಳು. ಒಂದು, ಎರಡು, ಮೂರು. ಆಮೇಲೆ ಎಡಗಿವಿಗೆ, ಮತ್ತೆ ಮೂರು. ಮೂಗಿನಲ್ಲಿ ಸಣ್ಣಗೆ ಗುಂಯ್‌ ಎಂದಳು. ಆ ಎಣಿಕೆ ನನಗೆ ಗೊತ್ತಿತ್ತು. ಅದನ್ನು ಅವಳಿಗೆ ಕಲಿಸುವವರು ಯಾರೂ ಉಳಿದಿರಲಿಲ್ಲ.

ಮಸ್ಕಿಯ ನಿಲ್ದಾಣದಲ್ಲಿ ನನ್ನ ನಾದಿನಿ ಕಾಯುತ್ತಿದ್ದಳು. ಮೊಮ್ಮಗಳು ತುದಿಗಾಲಲ್ಲಿ ಇಳಿದು ಮುಂದೆ ನಡೆದಳು. ಅವಳ ಹೆಜ್ಜೆಗೆ ಸದ್ದಿಲ್ಲ.

"ನೋಡವ್ವಾ, ಹಿಮ್ಮಡಿ ನೆಲಕ್ಕ ಹತ್ತಂಗಿಲ್ಲ. ದೆವ್ವದ ಕಾಲು," ಎಂದು ನಾದಿನಿ ಸೊಸೆಯ ಕಡೆ ತಿರುಗಿದಳು. "ಬದನೆಕಾಯಿ ರುಚಿ ಇತ್ತೇನು?"

ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಚಿಕ್ಕಂದಿನಲ್ಲಿ ನಾನು ಬಂದಿದ್ದ ಅದೇ ಓಣಿ, ಅದೇ ಮನೆ. ಬರೆ ಹಾಕುತ್ತಿದ್ದವನು ಸತ್ತು ಈಗ ಅವನ ಮಗ. ಕೆಂಡದಲ್ಲಿ ಬಳೆಯ ಚೂರು ಕಾಯುವ ವಾಸನೆ ಬಾಗಿಲಿಗೇ ಬಂತು. ಹೊರಗಿನ ಹಾಸುಗಲ್ಲಿನ ಮೇಲೆ ಮೊಮ್ಮಗಳು ತಟ್ಟನೆ ಕುಳಿತಳು. ನನ್ನ ಅಕ್ಕ ಕುಳಿತದ್ದೂ ಅಲ್ಲಿಯೇ.

ಅಕ್ಕ ಮಾತಾಡುತ್ತಿರಲಿಲ್ಲ. ದಿನವಿಡೀ ಹಿತ್ತಾಳೆ ಲೋಟ ಕಿವಿಗೆ ಹಿಡಿದು ಮೂರು ಎಣಿಸುವಷ್ಟು ಹೊತ್ತು ಕೇಳುತ್ತಿದ್ದಳು. ಏಳನೆಯ ವರ್ಷಕ್ಕೆ ಇಲ್ಲಿಗೆ ತಂದರು. ಕಾಲು ಹಿಡಿ ಎಂದರು, ಹಿಡಿದೆ. ಅವಳು ಮತ್ತೆ ಲೋಟ ಮುಟ್ಟಲಿಲ್ಲ. ಮುಂದಿನ ಮಳೆಗಾಲದ ಜ್ವರದಲ್ಲಿ ಹೋದಳು. ಆಮೇಲೆ ಎಷ್ಟು ಮಕ್ಕಳು ಎಂದು ಕೇಳಿದವರಿಗೆ ಮನೆಯಲ್ಲಿ ಮೂವರು ಎಂದೇ ಹೇಳಿದರು. ನಾವು ನಾಲ್ವರಿದ್ದೆವು. ಹಾಸ್ಟೆಲಿನಲ್ಲಿ ಒಂದು ದಿನವೂ ಹಾಜರಿ ತಪ್ಪಿಸದ ನಾನು ಅವಳನ್ನು ಬಿಟ್ಟೇ ಎಣಿಸುತ್ತ ಬಂದೆ.

"ಏಳು, ಹೋಗೂಣು," ಎಂದು ಮಗುವನ್ನು ಎತ್ತಿಕೊಂಡೆ. "ಬರೆ ಬ್ಯಾಡ. ಸೊಸೀದು ತಪ್ಪಿಲ್ಲ. ನಮ್ಮಕ್ಕ ಹಿಂಗ ಇದ್ಲು. ಇದು ನನ್ನ ತವರಿನ ರಕ್ತದಾಗಿಂದ ಬಂದಿರಬೇಕು."

"ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ದೇನು?" ನಾದಿನಿಯ ಧ್ವನಿ ಏರಿತು. "ಮೊದಲ ಹೇಳಿದ್ರ ನಮ್ಮಣ್ಣಗ ನಿನ್ನ ತರತಿದ್ದಿಲ್ಲ!"

"ಅದಕ್ಕ ಹೇಳಲಿಲ್ಲ."

ನಾದಿನಿ ಅಲ್ಲೇ ನಿಂತಳು. ನಾವು ಮೂವರು ಬಸ್ಸು ಹತ್ತಿದೆವು. ಕಾಲುವೆ ದಾಟಿದ ಮೇಲೆ ಸೊಸೆ ಕೇಳಿದಳು.

"ಅತ್ತೀ, ಡಾಕ್ಟರ ಮುಂದ ಇಲ್ಲ ಅಂದ್ರಿ?"

"ಸುಳ್ಳು ಹೇಳಿದೆ."

ಸಿಂಧನೂರು ಮುಟ್ಟಿದ್ದು ನಾಲ್ಕಕ್ಕೆ. ಡಾಕ್ಟರಿಗೆ ಫೋನ್ ಮಾಡಿ, "ಒಬ್ಬಾಕಿ ಇದ್ಲು," ಎಂದು ತಿದ್ದಿಸಿದೆ. ತವರಿನಿಂದ ತಂದು ಅಟ್ಟದ ಮೇಲಿಟ್ಟಿದ್ದ ಅಕ್ಕನ ಹಿತ್ತಾಳೆ ಲೋಟ ಇಳಿಸಿ ಹುಣಸೆಹಣ್ಣಿನಿಂದ ತಿಕ್ಕಿದೆ. ಮೊಮ್ಮಗಳು ಅದನ್ನು ಬಲಗಿವಿಗೆ ಹಿಡಿದಳು, ಎಡಗಿವಿಗೆ ಹಿಡಿದಳು. ಆಮೇಲೆ ನನ್ನ ಮುಖ ನೋಡದೆಯೇ ನನ್ನ ಕಿವಿಗೆ ಒತ್ತಿದಳು. ಅಕ್ಕ ಹಾಗೆಯೇ ಮಾಡುತ್ತಿದ್ದಳು. ಅದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಒಳಗೆ ಎಲ್ಲೋ ದೂರದಲ್ಲಿ ನೀರು ಹರಿಯುವ ಸದ್ದಿತ್ತು. ಮೂರು ಎಣಿಸಿದೆ.

ಲೋಟವನ್ನು ಅವಳ ಕೈಗೆ ಎಟಕುವ ಗೂಡಿನಲ್ಲಿಟ್ಟೆ. ಆ ದಿನದ ಕೆಲಸ ಮುಗಿಯಿತು.