ಆದಿನಾರಾಯಣಪ್ಪ ಎತ್ತುಗಳಿಂದ ಗಾಡಿ ತಳ್ಳಿಸಿದ್ದು

ಅರಿಶಿನಕುಂಟೆಯ ಆದಿನಾರಾಯಣಪ್ಪ ನೆಲಮಂಗಲದಲ್ಲಿ ಬಾಡಿಗೆ ಅಂಬಾಸಿಡರ್ ಓಡಿಸುತ್ತಿದ್ದ. ಹುಟ್ಟಿದ್ದು ಬೇಸಾಯದ ಮನೆಯಲ್ಲಾದರೂ ನೇಗಿಲು ಹಿಡಿದರೆ ಅವನಿಗೆ ನಿದ್ದೆ ಬರುತ್ತಿತ್ತು, ಸ್ಟೇರಿಂಗ್ ಹಿಡಿದರೆ ಮಾತು ಬರುತ್ತಿತ್ತು. ದಾಬಸ್‌ಪೇಟೆ ಬರುವಷ್ಟರಲ್ಲಿ ಹಿಂದೆ ಕೂತವರಿಗೆ ಗೇರ್‌ಬಾಕ್ಸಿನ ಹೊಟ್ಟೆಯೊಳಗೆ ಏನೇನಿದೆ ಎಂಬುದೆಲ್ಲ ಗೊತ್ತಾಗಿಬಿಡುತ್ತಿತ್ತು.

೧೯೭೪ರ ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ಒಂದು ರೇಷ್ಮೆ ಮಿಲ್ಲಿಗೆ ಯಂತ್ರ ಜೋಡಿಸಲು ಕೊಮುರಾ ಎಂಬ ಜಪಾನಿ ಇಂಜಿನಿಯರ್ ಬಂದ. ಅವನನ್ನು ಕರೆದುಕೊಂಡು ತಿರುಗುವ ಕೆಲಸ ಆದಿನಾರಾಯಣಪ್ಪನಿಗೆ ಸಿಕ್ಕಿತು. ಇಬ್ಬರ ಇಂಗ್ಲಿಷೂ ಸೇರಿಸಿದರೆ ಒಂದು ಪೋಸ್ಟ್ ಕಾರ್ಡ್ ತುಂಬುತ್ತಿರಲಿಲ್ಲ. ಆದರೆ ಕೊಮುರಾನಿಗೂ ಕಾರಿನ ಹುಚ್ಚು. ಜಪಾನಿನಲ್ಲಿರುವ ತನ್ನ ಕೆಂಪು ಸ್ಪೋರ್ಟ್ಸ್ ಕಾರಿನ ಫೋಟೊ ತೋರಿಸಿದ: ಉದ್ದ ಮೂತಿ, ಮೊಂಡು ಹಿಂಭಾಗ, ಎರಡೇ ಸೀಟು. ಒಂದು ಮಧ್ಯಾಹ್ನ ಟೈರ್ ಪಂಚರ್ ಆದಾಗ ರಸ್ತೆ ಬದಿಯ ಮಣ್ಣಿನಲ್ಲಿ ಕಡ್ಡಿಯಿಂದ ಕಾರುಗಳ ಮುಂದಿನ ಕಾಲವನ್ನೇ ಬರೆದು ವಿವರಿಸಿದ. ಸಂಸಾರಸ್ಥರ ಕಾರುಗಳನ್ನು ಇನ್ನು ಮೇಲೆ ಮುಂದಿನ ಚಕ್ರಗಳೇ ಎಳೆಯುತ್ತವಂತೆ. "ಫ್ರಂಟ್ ವೀಲ್, ಗುಡ್," ಎಂದ. ಆಮೇಲೆ ಹಿಂದಿನ ಚಕ್ರ ತೋರಿಸಿ, ಕಡ್ಡಿಯನ್ನು ಅಡ್ಡಡ್ಡ ಜಾರಿಸಿ, ಕಣ್ಣು ಮುಚ್ಚಿಕೊಂಡು ನಕ್ಕ. "ಬ್ಯಾಕ್ ವೀಲ್, ಹ್ಯಾಪಿ!"

ಪಿಸ್ಟನ್ನೇ ಇಲ್ಲದೆ, ಮೂರು ಮೂಲೆಯ ತುಂಡೊಂದು ಗಿರ್ರನೆ ತಿರುಗುವ ಹೊಸ ಇಂಜಿನ್ನಿನ ಚಿತ್ರವನ್ನೂ ಬರೆದ. ಅದನ್ನು ಆದಿನಾರಾಯಣಪ್ಪ ಮನೆಗೆ ಬಂದು ಹೆಂಡತಿ ಭಾಗ್ಯಮ್ಮನಿಗೆ ವಿವರಿಸಿದ.

"ಒರಳಲ್ಲಿ ಗುಂಡುಕಲ್ಲು ತಿರುಗ್ತದಲ್ಲ, ಹಂಗೇ ಕಣೇ. ಆದ್ರೆ ಕಲ್ಲಿಗೆ ಮೂರು ಮೂಲೆ."

"ಮೂರು ಮೂಲೆ ಕಲ್ಲಲ್ಲಿ ರುಬ್ಬಿದ್ರೆ ಅರ್ಧ ಹಿಟ್ಟು ಗೋಡೆ ಮೇಲಿರ್ತದೆ. ಅವರ ಮನೆ ಹೆಂಗಸ್ರು ಸುಮ್ನಿರ್ತಾರಾ?" ಎಂದಳು ಭಾಗ್ಯಮ್ಮ.

ಕೊಮುರಾ ಜಪಾನಿಗೆ ಮರಳಿದ ಮೇಲೆ ಆದಿನಾರಾಯಣಪ್ಪನಿಗೆ ಹಿಂದಿನ ಚಕ್ರ ತಳ್ಳುವ ಆ ಕೆಂಪು ಕಾರಿನದು ಬಿಟ್ಟು ಬೇರೆ ಮಾತೇ ಇಲ್ಲವಾಯಿತು. ಪಕ್ಕದ ಮನೆಯ ಪಿಳ್ಳಪ್ಪ ಮಾತ್ರ ಒಪ್ಪಲಿಲ್ಲ. ಅವನದು ಜೋಡೆತ್ತಿನ ಗಾಡಿ.

"ಎತ್ತನ್ನ ಮುಂದೆ ಕಟ್ಟೋದು ಯಾಕ್ಲಾ? ಎಳೀಲಿ ಅಂತ. ಹಿಂದಿಂದ ತಳ್ಳೋ ಗಾಡಿ ಜಾಸ್ತಿ ದಿನ ಉಳಿಯಲ್ಲ. ಪೆಟ್ರೋಲು ರೇಟು ಹಿಂಗೇ ಏರಿದ್ರೆ ಜಪಾನೋರೂ ಎತ್ತು ಹುಡುಕ್ಕೊಂಡು ಬತ್ತಾರೆ, ನೋಡ್ತಿರು."

"ಲೇ, ನನ್ ಅಂಬಾಸಿಡರ್‌ನೂ ಹಿಂದಿನ ಚಕ್ರನೇ ಕಣೋ ತಳ್ಳೋದು."

ಪಿಳ್ಳಪ್ಪ ಬೆಚ್ಚಿಬಿದ್ದ. ಆ ಕಾರಿನಲ್ಲಿ ಅವನು ಎಷ್ಟೋ ಸಲ ಕೂತಿದ್ದ. "ಅದಕ್ಕೇಯಾ ನಂಗೆ ಅದ್ರಲ್ಲಿ ವಾಂತಿ ಬರೋದು!" ಎಂದ.

ಮಾತು ಬೆಳೆದು ಪರೀಕ್ಷೆಯ ಹಂತಕ್ಕೆ ಬಂತು. ಭಾನುವಾರ ಬೆಳಿಗ್ಗೆ ಇಬ್ಬರೂ ಎತ್ತುಗಳನ್ನು ಗಾಡಿಗೆ ಮುಖ ಮಾಡಿ ನಿಲ್ಲಿಸಿ, ನೊಗವನ್ನು ಹಗ್ಗದಿಂದ ಬಿಗಿದು ಕಟ್ಟಿದರು. ಎತ್ತು ಮುಂದೆ ನಡೆದರೆ ಗಾಡಿಯನ್ನು ತಳ್ಳಲೇಬೇಕು. ಎತ್ತುಗಳು ಗಾಡಿಯನ್ನು ನೋಡಿದವು, ಒಂದನ್ನೊಂದು ನೋಡಿದವು, ಆಮೇಲೆ ಪಿಳ್ಳಪ್ಪನನ್ನು ನೋಡಿದವು. ಅವನಿಗೆ ನಾಚಿಕೆಯಾಗಿ ಗಾಡಿ ಹತ್ತಿ ಕೂತ. ಅರ್ಧ ಊರು ಸುತ್ತ ನಿಂತಿತ್ತು.

"ಹೋಯ್!" ಎಂದು ಆದಿನಾರಾಯಣಪ್ಪ ಎತ್ತಿನ ಬೆನ್ನು ತಟ್ಟಿದ.

ಗಾಡಿ ಒಂದೆರಡು ಮಾರು ನೆಟ್ಟಗೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಎತ್ತುಗಳು ಬೆದರಿ ಓಟ ಕಿತ್ತವು. ಗಾಡಿ ಒಮ್ಮೆಲೇ ಅಡ್ಡ ತಿರುಗಿ, ಧೂಳೆಬ್ಬಿಸುತ್ತ ಜಾರಿಕೊಂಡು, ಎದುರುಮನೆಯ ಮುನಿಗಂಗಮ್ಮ ಅಂಗಳದಲ್ಲಿ ಒಣಹಾಕಿದ್ದ ಸಂಡಿಗೆಯ ಮೇಲೆ ಹಾದು ಹುಲ್ಲಿನ ಮೆದೆಗೆ ನುಗ್ಗಿ ನಿಂತಿತು. ಪಿಳ್ಳಪ್ಪ ಮೆದೆಯೊಳಗೆ ಮಾಯವಾದ.

"ಅಡ್ಡಡ್ಡ ಹೋಯ್ತು! ಕೊಮುರಾ ತೋರ್ಸಿದ್ದು ಇದೇ ಕಣ್ರಪ್ಪಾ!" ಎಂದು ಆದಿನಾರಾಯಣಪ್ಪ ಕುಣಿದಾಡಿದ.

"ನಿನ್ ಮನೆ ಕಾಯ್ವಾಗ!" ಎನ್ನುತ್ತ ಮುನಿಗಂಗಮ್ಮ ಪೊರಕೆ ಹಿಡಿದು ಬಂದಳು.

ಪಂಚಾಯಿತಿ ಅಲ್ಲೇ ತೀರ್ಮಾನವಾಯಿತು. ಮಾರನೆಯ ದಿನ ಇಬ್ಬರೂ ಅವಳ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹೊಸದಾಗಿ ಸಂಡಿಗೆ ಇಟ್ಟರು. ಆದಿನಾರಾಯಣಪ್ಪನ ಸಂಡಿಗೆಗಳಿಗೆ ತಂತಾನೇ ಮೂರು ಮೂಲೆ ಬರುತ್ತಿತ್ತು. ಪಿಳ್ಳಪ್ಪ ಒಂದು ಸಾಲು ಸಂಡಿಗೆ ಇಟ್ಟು ಮುಗಿಸಿದ. ಆಮೇಲೆ ಮೆಲ್ಲಗೆ ಹತ್ತಿರ ಸರಿದ.

"ಲೇ, ಗಾಡಿ ಅಡ್ಡ ಜಾರ್ತಲ್ಲಾ, ಆವಾಗ ಹೊಟ್ಟೆಲಿ ಕಚಗುಳಿ ಇಟ್ಟಂಗಾಯ್ತು ಕಣೋ."

"ಅದೇ ಕಣೋ ಹ್ಯಾಪಿ."

"ಹಂಗಾದ್ರೆ ಆ ಕಾರು ಉಳೀತದೆ ಬಿಡು. ಪೆಟ್ರೋಲು ಎಷ್ಟಾದ್ರೂ ಆಗ್ಲಿ, ಇದಕ್ಕೆ ಜನ ಬಂದೇ ಬತ್ತಾರೆ." ಬಾಗಿಲ ಕಡೆ ನೋಡಿಕೊಂಡು ಕೇಳಿದ, "ಇನ್ನೊಂದ್ಸಲ ಮಾಡಣೇನ್ಲಾ?"

ಒಳಗಿನಿಂದ ಹಿಟ್ಟಿನ ಪಾತ್ರೆ ತರುತ್ತಿದ್ದ ಮುನಿಗಂಗಮ್ಮ ಹೊಸ್ತಿಲಲ್ಲೇ ನಿಂತಳು. ಇಬ್ಬರೂ ತಲೆ ತಗ್ಗಿಸಿ ಬೈಗುಳಕ್ಕೆ ಕಾದರು.

"ಕೆರೆ ಅಂಗಳದಲ್ಲಿ ಮಾಡ್ರೋ, ಅಲ್ಲಿ ಸಂಡಿಗೆ ಇರಲ್ಲ," ಎಂದಳು ಅವಳು. "ಈ ಸಲ ನಾನೂ ಕೂತ್ಕೊತೀನಿ."