ಮುಂದಿನ ಸೀಟು

ಶಿವರಾತ್ರಿ ಮುಗಿದ ಮೊದಲ ರವಿವಾರ ಶಿಗ್ಗಾಂವದ ಕಾಲೇಜು ಮೈದಾನದಲ್ಲಿ ಕಾರುಗಳ ಮೇಳ ನಡೆದಿತ್ತು. ಹುಬ್ಬಳ್ಳಿ, ಹಾವೇರಿಯ ಶೋರೂಮಿನವರೆಲ್ಲ ಬಂದು ತಂತಮ್ಮ ಕಂಪನಿಯ ಪೆಂಡಾಲು ಹೊಡೆದು, ಹೊಸ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ಪೆಂಡಾಲಿನ ಬಾಯಿಗೆ ಬಲೂನಿನ ಕಮಾನು, ಒಳಗೆ ಸ್ಪೀಕರಿನ ಗದ್ದಲ. ಸವಣೂರು, ಹಿರೇಕೆರೂರು ಕಡೆಯಿಂದಲೂ ಮಂದಿ ಬಂದಿದ್ದರು. ಕೊಳ್ಳುವವರಿಗಿಂತ ಬಾಗಿಲು ತೆಗೆದು, ಮುಚ್ಚಿ, ಬಾನೆಟ್ಟಿಗೆ ಒರಗಿ ಫೋಟೊ ಹೊಡೆಸಿಕೊಳ್ಳುವವರೇ ಹೆಚ್ಚು.

ಹಾನಗಲ್ಲಿನ ವೀರವ್ವ ತನ್ನ ಮಗ ಮೃತ್ಯುಂಜಯ, ಸೊಸೆ ರಂಜನಾಳ ಜೊತೆ ಬಂದಿದ್ದಳು. ಬಂದದ್ದು ಅವರ ಹಳೆಯ ವ್ಯಾಗನ್ ಆರ್‌ನಲ್ಲಿ. ಅದನ್ನು ಕೊಟ್ಟು ಹೊಸದನ್ನು ಗೊತ್ತುಮಾಡಿಯೇ ಹೋಗಬೇಕೆಂದು ಮಗ, ಸೊಸೆ ಮನೆಯಲ್ಲೇ ಮಾತಾಡಿಕೊಂಡಿದ್ದರು. ಆದರೆ ಹಳೆಯ ಗಾಡಿ ಇದ್ದದ್ದು ವೀರವ್ವನ ಹೆಸರಿನಲ್ಲಿ. ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದ ಅವಳ ಗಂಡ ಕುಬೇರಪ್ಪ, ಮನೆಗೆ ಬರುವ ಮೊದಲ ಗಾಡಿ ಲಕ್ಷ್ಮಿ, ಅದು ಹೆಣ್ಣುಮಗಳ ಹೆಸರಿನಲ್ಲಿರಲಿ ಎಂದು ಹಾಗೆ ಮಾಡಿಸಿದ್ದ. ಹೀಗಾಗಿ ಈಗ ವೀರವ್ವ ಹ್ಞೂಂ ಅನ್ನದೆ ಏನೂ ಆಗುವಂತಿರಲಿಲ್ಲ.

ವೀರವ್ವ ಹ್ಞೂಂ ಅಂದೇ ಇದ್ದಳು. ಉಣ್ತಿಯೇನವಾ ಅಂದರೆ ಹ್ಞೂಂ, ಮಲಗ್ತಿಯೇನವಾ ಅಂದರೆ ಹ್ಞೂಂ, ಗಾಡಿ ಕೊಟ್ಟುಬಿಡೂಣೇನವಾ ಅಂದರೂ ಹ್ಞೂಂ. ದೀಪಾವಳಿಯ ನಂತರ ಅವಳ ಬಾಯಿಂದ ಬರುತ್ತಿದ್ದುದು ಹೆಚ್ಚಾಗಿ ಅದೊಂದೇ. ಆ ಹ್ಞೂಂ ಮೇಲೆ ಮಗನಿಗೆ ನಂಬಿಕೆ ಇರಲಿಲ್ಲ. ಏಕೆಂದರೆ ದಿನಾ ಬೆಳಿಗ್ಗೆ ಯಾರೂ ಹೇಳದೆಯೇ ಅವಳು ಮಾಡುತ್ತಿದ್ದ ಕೆಲಸವೂ ಒಂದೇ ಇತ್ತು. ಅಂಗಳದಲ್ಲಿ ನಿಂತ ಆ ಗಾಡಿಯ ಎಡಗಡೆಯ ಬಾಗಿಲು ತೆಗೆದು, ಮುಂದಿನ ಸೀಟನ್ನು ಹಸಿ ಬಟ್ಟೆಯಿಂದ ಒರೆಸಿ, ಬೆನ್ನಾನಿಸುವಲ್ಲಿ ವಿಭೂತಿಯ ಬೆರಳು ಎಳೆದು, ಬಾಗಿಲು ಹಾಕಿ ಬರುವುದು. ಒರೆಸುವಾಗ ಅಳುತ್ತಿರಲಿಲ್ಲ, ಏನೂ ಅನ್ನುತ್ತಿರಲಿಲ್ಲ. ಹಿತ್ತಲಿನ ಕಲ್ಲು ತೊಳೆದಂತೆ ಒರೆಸಿ ಬರುತ್ತಿದ್ದಳು.

ಆ ಸೀಟಿನಲ್ಲಿ ದೀಪಾವಳಿಯಿಂದೀಚೆಗೆ ಯಾರೂ ಕುಳಿತಿರಲಿಲ್ಲ.

ದೀಪಾವಳಿ ಮುಗಿದ ವಾರ ಹುಬ್ಬಳ್ಳಿಯ ಡಾಕ್ಟರು, ಇನ್ನು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದರು. ಹಿಂದೆ ಮಲಗು ಅಂದರೆ ಕುಬೇರಪ್ಪ ಕೇಳಿರಲಿಲ್ಲ. "ನಾ ಏನ್ ಗೊಬ್ಬರದ ಚೀಲ ಏನಲೇ, ಹಿಂದ ಒಗೀಲಿಕ್ಕೆ?" ಎಂದು ಮುಂದೆಯೇ ಕುಳಿತ. ಮಗ ಗಾಡಿ ಹೊಡೆಯುತ್ತಿದ್ದ. ವೀರವ್ವ ಎಂದಿನಂತೆ ಹಿಂದೆ. ಬಂಕಾಪುರ ದಾಟಿ ಹಾನಗಲ್ಲಿನ ದಾರಿ ಹಿಡಿದ ಮೇಲೆ, ಬೇವಿನ ಮರದ ಕೆಳಗೆ ಉಳಿವೆಪ್ಪನ ಚಹಾದಂಗಡಿ ಇದೆ. ಕುಬೇರಪ್ಪ ಹೋಗುವಾಗ ಬರುವಾಗ ಅಲ್ಲಿ ನಿಲ್ಲಿಸದೆ ಇರುತ್ತಿರಲಿಲ್ಲ. ಅಂದೂ ನಿಲ್ಲಿಸಿದರು. ಉಳಿವೆಪ್ಪ ಒಲೆಯ ಹತ್ತಿರದಿಂದಲೇ "ಶರಣ್ರೀ ಸಾವ್ಕಾರ್ರ" ಎಂದು ಕೈಮುಗಿದ. ಸಾವ್ಕಾರ್ರು ಮಾತಾಡಲಿಲ್ಲ. "ಹೊಳ್ಳಿ ಸುದ್ದಾ ನೋಡವಲ್ರು, ಯಾರ ಮ್ಯಾಲೆ ಸಿಟ್ಟೋ" ಎಂದು ನಗುತ್ತ ಅವನು ಚಹಾ ಸೋಸಲು ಹತ್ತಿದ. ವೀರವ್ವ ಒಂದು ಕಪ್ಪು ಹಿಡಿದುಕೊಂಡು ಮುಂದಿನ ಬಾಗಿಲಿಗೆ ಬಂದಳು. ಚಹಾ ತಣ್ಣಗಾಗುವ ತನಕ ಹಿಡಿದುಕೊಂಡೇ ನಿಂತಳು. ಆಮೇಲೆ ಗಂಡನ ಕೈ ಮುಟ್ಟಿ ನೋಡಿದಳು.

ಉಳಿವೆಪ್ಪನಿಗೆ ಏನೂ ತಿಳಿಸದೆ ಮಗ ಊರಿಗೆ ಫೋನು ಮಾಡಿದಾಗ ಹಿರಿಯರು ಹೇಳಿದ್ದು ಒಂದೇ ಮಾತು: ಮಲಗಿಸಬ್ಯಾಡ್ರಿ, ಕುಂತಂಗ ಕರಕೊಂಡು ಬರ್ರಿ. ಅವರಲ್ಲಿ ಸಮಾಧಿಗೆ ಕೂರಿಸುತ್ತಾರೆ. ಮೈ ಸೆಟೆದ ಮೇಲೆ ಕೂರಿಸಲು ಆಗುವುದಿಲ್ಲ. ಹಾಗಾಗಿ ಬೆಲ್ಟು ಬಿಗಿದು, ಹಿಂದಿನಿಂದ ವೀರವ್ವ ಎರಡೂ ಭುಜ ಹಿಡಿದುಕೊಂಡು, ಕುಬೇರಪ್ಪ ಕುಳಿತಂತೆಯೇ ಹಾನಗಲ್ಲಿಗೆ ಬಂದ. ಎದುರು ಬಂದ ಗಾಡಿಯವರಿಗೆ ಒಬ್ಬ ಮನುಷ್ಯ ತೂಕಡಿಸುತ್ತ ಹೋಗುತ್ತಿದ್ದಾನೆ ಅನ್ನಿಸಿರಬೇಕು.

ಈಗ ರಂಜನಾಳಿಗೆ ಏಳು ತಿಂಗಳು. ಕುಬಸ ಮಾಡಿ ಹೆರಿಗೆಗೆ ಕರೆದೊಯ್ಯಲು ರಟ್ಟೀಹಳ್ಳಿಯ ತವರಿನವರು ತುದಿಗಾಲಲ್ಲಿದ್ದರು. ಆದರೆ ಅವಳ ತಾಯಿ ಫೋನಿನಲ್ಲಿ, "ಆ ಗಾಡ್ಯಾಗ ಮಾತ್ರ ಬರಬ್ಯಾಡ, ಬಸ್ಸಿಗೆ ಬಾ ಬೇಕಾದ್ರ" ಅಂದಿದ್ದಳು. ರಂಜನಾ ಅತ್ತೆಯ ಮುಂದೆ ಅದನ್ನು ಆಡಿರಲಿಲ್ಲ. ಆದರೆ ವೀರವ್ವನ ಕಿವಿ ಚುರುಕು. ಅಡಿಗೆಮನೆಯಿಂದಲೇ ಕೇಳಿಸಿಕೊಂಡಿದ್ದಳು.

ಮೊದಲು ಟಾಟಾದವರ ಪೆಂಡಾಲಿಗೆ ಹೋದರು. ನೀಲಿ ಬಣ್ಣದ ಎತ್ತರದ ಗಾಡಿ. ಒಳಗೆ ಬಾ ಅವ್ವಾ ಅಂದ ಮಗ. ವೀರವ್ವ ಚಪ್ಪಲಿ ಕಳಚಿಟ್ಟು, ಹೊಸ್ತಿಲು ದಾಟುವಂತೆ ಬಲಗಾಲಿಟ್ಟು ಹತ್ತಿದಳು. ಇಳಿಯುವಾಗ ಮಗ ಆ ಕಡೆಯ ಬಾಗಿಲು ತೆಗೆದ. ಹಾಗೇ ಇಳಿದು ಅವನ ಹಿಂದೆ ನಡೆದಳು. ಮಹೀಂದ್ರಾದವರದು ಕರಿ ಎಮ್ಮೆಯಂಥ ಗಾಡಿ, ಹತ್ತಲು ಮೆಟ್ಟಿಲಿತ್ತು. ಹ್ಯುಂಡೈಯವರದು ಬಿಳಿದು. ಕಿಯಾದವರದೂ ಬಿಳಿದೇ, ಅದರ ಮಾಡು ತೆರೆದು ಆಕಾಶ ಕಾಣುತ್ತಿತ್ತು. ಟೊಯೊಟಾದವನು ಕೀಲಿಕೈ ಇಲ್ಲದೆ ಗುಂಡಿ ಒತ್ತಿ ಗಾಡಿ ಚಾಲೂ ಮಾಡಿ ತೋರಿಸಿದ. ಎಂಜಿನ್ನಿನ ಸಪ್ಪಳವೇ ಬರಲಿಲ್ಲ. "ಚಾಲೂ ಆಗೇತೋ ಇಲ್ಲೋ ಅಂತ ಮಂದಿ ಕೇಳ್ತಾರ್ರಿ" ಎಂದು ಹೆಮ್ಮೆಯಿಂದ ಅಂದ. ಎಲ್ಲದರೊಳಗೂ ಹೊಸ ಕೊಡೆ ಬಿಚ್ಚಿದಾಗಿನ ವಾಸನೆ. ಎಲ್ಲದರ ಮುಂದೂ ಟಿವಿಯಂಥ ಗಾಜು. ರಂಜನಾ ಒಂದೊಂದರಲ್ಲೂ ಕುಳಿತು ಕಾಲು ಚಾಚಿ, ಹೊಟ್ಟೆಯ ಮೇಲೆ ಬೆಲ್ಟು ಎಳೆದು ನೋಡಿದಳು. ಮೃತ್ಯುಂಜಯ ಟೈರಿಗೆ ಒದ್ದು ನೋಡಿದ. ಹ್ಯಾಂಗೈತವಾ ಎಂದು ಕೇಳಿದಾಗಲೆಲ್ಲ ವೀರವ್ವ ಛಲೋ ಐತಿ ಅಂದಳು. ಒಂದು ಗಾಡಿಯಿಂದ ಇಳಿದು ಇನ್ನೊಂದನ್ನು ಹತ್ತುವಷ್ಟರಲ್ಲಿ ಹಿಂದಿನದು ಯಾವ ಬಣ್ಣ ಎಂಬುದು ಅವಳಿಗೆ ನೆನಪಿರುತ್ತಿರಲಿಲ್ಲ.

ಕಡೆಗೆ ಮಾರುತಿಯವರ ಪೆಂಡಾಲಿಗೆ ಬಂದಾಗ, ಗಾಡಿ ತೋರಿಸುವ ಹುಡುಗಿ ವೀರವ್ವನ ಕಾಲು ನೋಡಿದಳು. ಶಿಗ್ಗಾಂವದವಳೇ, ಮದಿಹಾ ಎಂದು ಹೆಸರು. ಕೊರಳಲ್ಲಿ ಕಂಪನಿಯ ಬಿಲ್ಲೆ.

"ಅಜ್ಜೀ, ಚಪ್ಪಲಿ ಎಲ್ಲಿ ಬಿಟ್ರಿ? ಕಾಲು ಸುಡವಲ್ಲವೇನ್ರಿ?"

ವೀರವ್ವ ಕೆಳಗೆ ನೋಡಿಕೊಂಡಳು. ಪಾದವೆಲ್ಲ ಕೆಂಪು ದೂಳು. ಮೈದಾನದ ಹರಳು ಕಾದು ಹುರಿಗಡಲೆಯಂತಾಗಿದ್ದವು.

"ಸುಡ್ತಿರಬೇಕವಾ" ಅಂದಳು.

"ನೀಲಿ ಗಾಡಿ ಕಡೆ ಬಿಟ್ಟಿರಬೇಕು" ಎಂದು ರಂಜನಾ ಹಣೆ ಬಡಿದುಕೊಂಡಳು. "ಗಾಡಿ ಹತ್ತಾಕ ಚಪ್ಪಲಿ ಬಿಡತಾರೇನ್ರಿ ಅತ್ತೀ? ಗುಡಿ ಅಲ್ಲ ಇದು."

"ಬಿಡ್ರೀ ಅಕ್ಕಾರ, ಮುಂಜಾನಿಂದ ಹತ್ತು ಮಂದಿ ಹಂಗ ಮಾಡ್ಯಾರ" ಎಂದು ಮದಿಹಾ ನಕ್ಕಳು. "ಒಬ್ಬಾಂವ ಅಂತೂ ಹೆಂಡ್ತಿ ಚಪ್ಪಲಿ ಹಾಕ್ಕೊಂಡು ಹ್ವಾದ."

ಮೃತ್ಯುಂಜಯ ಚಪ್ಪಲಿ ತರಲು ಹೋದ. ಅವನಿಗೆ ಮಾರುತಿಯವರದೇ ಮನಸ್ಸಿನಲ್ಲಿತ್ತು. ಮದಿಹಾ ಗಾಡಿ ಚಾಲೂ ಮಾಡಿ, ತಂಪು ಗಾಳಿ ಬಿಟ್ಟು, ವೀರವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದಳು. ವೀರವ್ವನ ಕೈಯಲ್ಲಿ ಚೀಲವಿತ್ತು. ಗಾಡಿ ಗೊತ್ತಾದರೆ ಇಂದೇ ಒಂದು ಕಾಯಿ ಒಡೆಯೋಣವೆಂದು ರಂಜನಾ ತೆಂಗಿನಕಾಯಿ, ಲಿಂಬಿಹಣ್ಣು ತುಂಬಿಕೊಟ್ಟಿದ್ದ ಚೀಲ, ಜೊತೆಗೆ ನೀರು ತುಂಬಿದ ತಾಮ್ರದ ಬಾಟಲಿ. ಭಾರವಾಗಿತ್ತು. ವೀರವ್ವ ಕುಳಿತಲ್ಲಿಂದಲೇ ಬಗ್ಗಿ ಅದನ್ನು ಮುಂದಿನ ಸೀಟಿನ ಮೇಲೆ ಇಟ್ಟಳು.

ಟಿಣ್ ಟಿಣ್ ಟಿಣ್ ಎಂದು ಗಂಟೆ ಹೊಡೆದುಕೊಳ್ಳತೊಡಗಿತು.

"ಏನೂ ಇಲ್ಲ ಅಜ್ಜಿ, ಹೆದರಬ್ಯಾಡ್ರಿ" ಅಂದಳು ಮದಿಹಾ. "ಚೀಲ ಇಟ್ರಲ್ಲ, ಸೀಟಿನ ಮ್ಯಾಲೆ ಯಾರೋ ಕುಂತಾರ, ಬೆಲ್ಟ್ ಹಾಕ್ಕೊಂಡಿಲ್ಲ ಅಂತ ಅದು ತಿಳಕೊಂಡೈತಿ."

"ಯಾರೂ ಕುಂತಿಲ್ಲಲ್ಲವಾ."

"ಅದಕ್ಕೇನ್ ಗೊತ್ತಾಗತೈತ್ರಿ? ಭಾರ ಇದ್ರ ಸಾಕು."

"ಜೀವ ಇಲ್ಲಂದ್ರೂ?"

ಮದಿಹಾಳಿಗೆ ಅಜ್ಜಿ ತಮಾಷೆ ಮಾಡುತ್ತಿದ್ದಾಳೆ ಅನ್ನಿಸಿತು. "ಕಾಯಿಗೆಲ್ಲಿ ಜೀವ ಅಜ್ಜಿ?" ಎಂದು ನಗುತ್ತ, ಚೀಲದ ಮೇಲಿಂದ ಬೆಲ್ಟು ಎಳೆದು ಸಿಕ್ಕಿಸಿದಳು. ಗಂಟೆ ನಿಂತಿತು.

ವೀರವ್ವ ಬೆಲ್ಟು ಬಿಗಿದುಕೊಂಡು ಕುಳಿತ ಚೀಲವನ್ನು ಹಿಂದಿನಿಂದ ನೋಡುತ್ತ ಕುಳಿತಳು. ಕೈಗಳು ತಾವಾಗಿಯೇ ಮೇಲೆದ್ದು ಸೀಟಿನ ಎರಡೂ ಭುಜ ಹಿಡಿದಿದ್ದವು. ಅವಳು ಅದನ್ನು ಗಮನಿಸಿ ಕೈ ತೆಗೆದಳು. ಎದೆಯಲ್ಲಿ ಏನಾದರೂ ಆಗುತ್ತದೆಯೋ ಎಂದು ಕಾಯ್ದಳು. ಏನೂ ಆಗಲಿಲ್ಲ. ತಂಪು ಗಾಳಿ ಮುಖಕ್ಕೆ ಬಡಿಯುತ್ತಿತ್ತು.

ಅಷ್ಟರಲ್ಲಿ ಮೃತ್ಯುಂಜಯ ಚಪ್ಪಲಿಯ ಜೊತೆ ಒಬ್ಬ ಮನುಷ್ಯನನ್ನೂ ಕರೆತಂದ. ಸವಣೂರಿನ ಮಹಮ್ಮದಗೌಸ. ಹಳೆಯ ಗಾಡಿ ನೋಡಿ ತೆಗೆದುಕೊಳ್ಳುವ ವ್ಯಾಪಾರಿ, ನೆರೆತ ಗಡ್ಡ, ಕಿವಿಯ ಮೇಲೆ ಪೆನ್ನು. ಎಲ್ಲರೂ ಹೊರಗೆ ಗಿಡದ ನೆರಳಲ್ಲಿ ನಿಲ್ಲಿಸಿದ್ದ ವ್ಯಾಗನ್ ಆರ್ ಹತ್ತಿರ ಹೋದರು. ಗೌಸ ಬಾನೆಟ್ ತೆಗೆದು ನೋಡಿದ, ಗಾಡಿಯ ಕೆಳಗೆ ಬಗ್ಗಿ ನೋಡಿದ, ಚಾಲೂ ಮಾಡಿ ಕಿವಿಗೊಟ್ಟು ಕೇಳಿದ.

"ಸಾವ್ಕಾರ್ರು ಮಗಳ ಸಾಕಿದಂಗ ಸಾಕ್ಯಾರ" ಅಂದ. ಆಮೇಲೆ ಎಡಗಡೆಗೆ ಬಂದು ಮುಂದಿನ ಬಾಗಿಲು ತೆಗೆದ. ಮೃತ್ಯುಂಜಯ ಹೆಂಡತಿಯ ಮುಖ ನೋಡಿದ. ಅವರು ಗೌಸನಿಗೆ ಏನೂ ಹೇಳಿರಲಿಲ್ಲ. ಗೌಸ ಕೂರಲೆಂದು ಒಂದು ಕಾಲು ಒಳಗಿಟ್ಟ.

"ಅಲ್ಲಿ ಕುಂದರಬ್ಯಾಡ್ರಿ" ಅಂದಳು ವೀರವ್ವ.

"ಅವ್ವಾ..." ಎಂದು ಮಗ ತಡೆದ.

"ನಮ್ಮವರು ಅದರಾಗ ಕುಂತು ಹ್ವಾದ್ರು. ಮನಿ ತನಕ ಹಂಗ ಕುಂದರಿಸಿಕೊಂಡು ತಂದ್ವಿ. ನಿಮಗ ಹೇಳಬೇಕಲ್ಲ" ಅಂದಳು ವೀರವ್ವ, ಗೋಧಿಯ ಚೀಲ ಅಟ್ಟದ ಮೇಲಿದೆ ಎಂದು ಹೇಳುವ ದನಿಯಲ್ಲಿ.

ಗೌಸ ಇಟ್ಟ ಕಾಲನ್ನು ಹಿಂದಕ್ಕೆ ತೆಗೆದ. ಮೃತ್ಯುಂಜಯ ನೆಲ ನೋಡತೊಡಗಿದ. ಮುಗಿಯಿತು, ಇನ್ನು ಈ ಗಾಡಿ ಹೋಗುವುದಿಲ್ಲ ಎಂದು ರಂಜನಾ ಗಿಡಕ್ಕೆ ಒರಗಿ ನಿಂತಳು.

ಗೌಸ ಬಾಗಿಲಿಗೆ ಕೈಯೂರಿ ಅಂದ: "ನಮ್ಮ ಅಬ್ಬಾನ್ನ ಜೀಪಿನ್ಯಾಗ ಮಲಗಿಸಿಕೊಂಡು ತಂದಿದ್ವಿ ಅವ್ವಾರ. ಎತ್ತರದ ಆಳು. ಕಾಲು ಹೊರಗ ಉಳದಿದ್ವು. ನಾ ಆ ಕಾಲು ಹಿಡಕೊಂಡು ಕುಂತಿದ್ದೆ."

"ಆ ಜೀಪು?"

"ಮಾರಿದ್ವಿ. ಈಗ ಅದರಾಗ ಯಾರೋ ಸಂತಿಗೆ ಬದನಿಕಾಯಿ ಹೇರ್ತಾರ. ಒಂದೊಂದ್ಸಲ ಎದುರಿಗೆ ಸಿಗತೈತಿ."

"ನೋಡಿದ್ರ ಏನ್ ಅನ್ನಸತೈತ್ರಿ?"

ಗೌಸ ಗಡ್ಡ ಕೆರೆದುಕೊಂಡ. "ಸುಳ್ಳ್ಯಾಕ ಹೇಳ್ಲಿ ಅವ್ವಾರ, ಮೊದಲು ಬದನಿಕಾಯಿ ಕಾಣತಾವು."

ರಂಜನಾ ಸೆರಗು ಬಾಯಿಗೆ ಒತ್ತಿಕೊಂಡಳು. ವೀರವ್ವ ನಗಲಿಲ್ಲ, ಆದರೆ ಆ ಮಾತನ್ನು ಕೇಳಿಸಿಕೊಂಡಳು.

"ಗಾಡಿ ನಾ ತಗೋತೇನಿ" ಅಂದ ಗೌಸ. "ಖರೇ, ಸೀಟು ಹಿಂದ ಮುಂದ ಸರಸಿ ನೋಡಬೇಕಾಗತೈತಿ. ನೀವು ಬ್ಯಾಡ ಅಂದ್ರ ಬ್ಯಾಡ."

ವೀರವ್ವ ಎಲ್ಲರನ್ನೂ ದಾಟಿ ಬಂದಳು. ಮಗ ತಂದುಕೊಟ್ಟ ಚಪ್ಪಲಿಯನ್ನು ಮತ್ತೆ ಕಳಚಿಟ್ಟು, ಮುಂದಿನ ಸೀಟಿನಲ್ಲಿ ತಾನೇ ಕುಳಿತಳು. ಮುಂದೆ ಗಂಡಸರು, ಹಿಂದೆ ಹೆಣ್ಣುಮಕ್ಕಳು, ಬುತ್ತಿ, ಚೀಲ. ಈ ಗಾಡಿ ಮನೆಗೆ ಬಂದಂದಿನಿಂದ ಅದೇ ರೂಢಿ. ತನ್ನದೇ ಗಾಡಿಯಲ್ಲಿ ಅವಳು ಮುಂದೆ ಕುಳಿತದ್ದು ಇದೇ ಮೊದಲು. ಕುಬೇರಪ್ಪನ ಕಾಲು ಉದ್ದ. ಆವತ್ತು ಸರಿಸಿಕೊಂಡಂತೆಯೇ ಸೀಟು ಪೂರ್ತಿ ಹಿಂದಿತ್ತು. ಅವಳ ಕಾಲಿಗೂ ಎದುರಿನ ಗೋಡೆಗೂ ನಡುವೆ ಬಹಳ ಜಾಗ ಉಳಿದಿತ್ತು. ಕಾದ ಸೀಟು ಬೆನ್ನಿಗೆ ಅಂಟಿತು. ಇಲ್ಲಿ ಯಾವ ಗಂಟೆಯೂ ಹೊಡೆದುಕೊಳ್ಳಲಿಲ್ಲ.

"ಹ್ಯಾಂಗ ಸರಸೂದ್ರಿ ಇದನ್ನ?"

"ಕೆಳಗ ಒಂದು ಸಳಿ ಐತಿ ನೋಡ್ರಿ, ಮ್ಯಾಲಕ್ಕ ಎಳೀರಿ."

ವೀರವ್ವ ಕೈಯಾಡಿಸಿ ಹುಡುಕಿ ಎಳೆದಳು. ಖಟ್ ಅಂತು. ಸೀಟು ಅವಳನ್ನು ಹೊತ್ತುಕೊಂಡು ಮುಂದೆ ಸರಿಯಿತು. ಕಾಲು ಎದುರಿಗೆ ಮುಟ್ಟಿತು. ಅವಳು ಸೀಟನ್ನು ಹಿಂದಕ್ಕೆ ಒಯ್ಯಲಿಲ್ಲ.

"ಸರೀತೈತ್ರಿ" ಅಂದಳು. ಆಮೇಲೆ ಮಗನ ಕಡೆ ತಿರುಗಿ, "ಕೊಟ್ಟುಬಿಡು. ರಂಜನಾನ್ನ ಹೊಸ ಗಾಡ್ಯಾಗ ರಟ್ಟೀಹಳ್ಳಿಗೆ ಕರಕೊಂಡು ಹೋಗು" ಅಂದಳು.

ಅದು ಹ್ಞೂಂ ಅಲ್ಲ, ಮಾತು. ಮೃತ್ಯುಂಜಯ ಅದನ್ನು ಇನ್ನೊಮ್ಮೆ ಕೇಳಲು ಹೋಗಲಿಲ್ಲ.

ಮಾರುತಿಯವರದನ್ನೇ ಗೊತ್ತುಮಾಡಿ, ಚೀಲದ ಕಾಯಿ ಒಡೆದರು. ಹೊಸ ಗಾಡಿ ಬರಲು ಇನ್ನೂ ವಾರವಿತ್ತು. ಗೌಸ, ಅದು ಬಂದ ದಿನವೇ ಹಳೆಯದನ್ನು ಒಯ್ಯುತ್ತೇನೆ ಅಂದ. ಮದಿಹಾ ಕೊಟ್ಟ ಕಂಪನಿಯ ಟೊಪ್ಪಿಗೆಯನ್ನು ರಂಜನಾ ಹಾಕಿಕೊಂಡಳು. ಹೊರಡುವಾಗ ಅವಳು ಹಿಂದಿನ ಬಾಗಿಲು ತೆಗೆದು ಅತ್ತೆಗಾಗಿ ಕಾದಳು. ವೀರವ್ವ ಮುಂದಿನಿಂದ ಇಳಿಯಲಿಲ್ಲ. ಬೆಲ್ಟು ಹೇಗೆ ಹಾಕಿಕೊಳ್ಳುವುದೆಂದು ಮಗನನ್ನು ಕೇಳಿ ಹಾಕಿಕೊಂಡಳು.

ಬಂಕಾಪುರ ದಾಟಿತು. ಬೇವಿನ ಮರ ಕಾಣುತ್ತಲೇ ಮೃತ್ಯುಂಜಯ, ದೀಪಾವಳಿಯ ನಂತರ ಪ್ರತಿಸಲ ಮಾಡುತ್ತಿದ್ದಂತೆ, ಗಾಡಿಯ ವೇಗ ಏರಿಸಿದ.

"ನಿಂದರ್ಸು" ಅಂದಳು ವೀರವ್ವ.

ಉಳಿವೆಪ್ಪ ಗಾಡಿಯ ಗುರುತು ಹಿಡಿದು ಚಹಾ ತೆಗೆದುಕೊಂಡೇ ಬಂದ. ಮುಂದಿನ ಕಿಟಕಿಗೆ ಬಗ್ಗಿ, ಒಳಗೆ ಕುಳಿತವಳನ್ನು ನೋಡಿ ತಬ್ಬಿಬ್ಬಾದ.

"ಅವ್ವಾರು ನೀವೇನ್ರಿ! ಸಾವ್ಕಾರ್ರು ಎಲ್ಲಿ? ಈ ಕಡೆ ಬರೂದ ಬಿಟ್ಟಾರ. ಅವತ್ತು ಶರಣು ಅಂದ್ರ ಮಾತಾಡಲಿಲ್ಲ, ನನ್ನ ಕಡಿಂದ ಏನ್ ತಪ್ಪಾಗೇತಿ ಅಂತ ಇನ್ನಾ ಯೋಚ್ನಿ ಮಾಡಾಕತ್ತೇನಿ ನೋಡ್ರಿ."

ಮೃತ್ಯುಂಜಯ ಏನೋ ಹೇಳಲು ಬಾಯಿ ತೆರೆದ.

"ಸಿಟ್ಟಿಲ್ಲೋ ತಮ್ಮಾ" ಅಂದಳು ವೀರವ್ವ. "ನೀ ಶರಣು ಅಂದಾಗ ಅವರು ಇರಲಿಲ್ಲ."

ಉಳಿವೆಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಚಹಾದ ಕಪ್ಪು ಹಿಡಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ನಿಂತ. ವೀರವ್ವ ಕಿಟಕಿಯಿಂದ ಕೈ ಚಾಚಿ ಕಪ್ಪು ಇಸಿದುಕೊಂಡಳು. ಒಂದು ಗುಟುಕು ಕುಡಿದು ತಟ್ಟನೆ ಬಾಯಿ ಹಿಂದೆ ತೆಗೆದಳು.

"ಸುಡತೈತಿ" ಅಂದಳು.

ಊದಿ ಊದಿ ಪೂರ್ತಿ ಕುಡಿದಳು.